ಮೊದಲು ನನ್ನ ತೂಕ ನೋಡಿ ಸ್ವಾಮಿ!

ಹುಣಸೂರು ಬಸ್ ನಿಲ್ದಾಣದ ಹತ್ತಿರದ ಮೆಸ್ಸೊಂದರಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಸಂದರ್ಶನವೆಂದು ಗೊತ್ತಾಗಿತ್ತು. ರಾಗಿ ಮುದ್ದೆ ಬರುವಾಗ ಒಂದು ಗಂಟೆ ದಾಟಿತ್ತು. ಮೈತುಂಬ ಹಬೆ, ಸ್ಟೀಲ್ ತಟ್ಟೆಯ ನಡುಮಧ್ಯದಲ್ಲಿ ಆಸನ, ಪಕ್ಕದ ಬಟ್ಟಲಲ್ಲಿ ಆಪ್ತ ಕಾರ್ಯದರ್ಶಿಯಂತೆ ಉಪ್ಸಾರು.

“ತಡ ಆಯ್ತು ಸ್ವಾಮಿ. ಎಸರು ಸರಿಯಾಗಿ ಕಾಯೋ ಮುಂಚೆನೇ ಹಿಟ್ಟು ಸುರಿದುಬಿಟ್ಟಿದ್ದ ಹೊಸ ಹುಡುಗ. ಒಳಗೆಲ್ಲ ಗಂಟು. ಕೋಲು ಹಾಕಿ ಇನ್ನೊಂದ್ಸಲ ತಿರುವಿಸಿಕೊಂಡು ಬಂದೆ.”

ಪತ್ರಿಕೆಯ ಪ್ರತಿನಿಧಿ ನೇರವಾಗಿ ವಿಷಯಕ್ಕೆ ಬಂದ. ತೂಕ ಇಳಿಸಲು ಹೊರಟ ಓದುಗರಿಗೆ ಡಾಕ್ಟರು ಬ್ರೆಡ್ಡು, ಬನ್ನು ಬಿಡಿ ಎನ್ನುತ್ತಿದ್ದಾರೆ. ಬದಲಿಗೇನು ಎಂದರೆ ಎಲ್ಲರೂ ಮುದ್ದೆಯತ್ತ ಬೆರಳು ತೋರಿಸುತ್ತಾರೆ. ಈ ಗೌರವ ಹೇಗನ್ನಿಸುತ್ತದೆ?

ಮುದ್ದೆ ನಕ್ಕಿತು. ನಕ್ಕ ರಭಸಕ್ಕೆ ನೆತ್ತಿಯ ಮೇಲೊಂದು ಸಣ್ಣ ಬಿರುಕು ಬಿಟ್ಟಿತು.

“ನಮ್ಮ ಸೀಮೇಲಿ ಬ್ರೆಡ್ಡು ತಿಂತಿದ್ದೋರು ಯಾರು ಹೇಳಿ? ಜ್ವರ ಬಂದೋರು. ಆಸ್ಪತ್ರೇಲಿ ಮಲಗಿರೋರನ್ನ ನೋಡೋಕೆ ಹೋದ್ರೆ ಒಂದು ಪೌಂಡು ಬ್ರೆಡ್ಡು, ಅರ್ಧ ಡಜನ್ ಬಾಳೆಹಣ್ಣು. ಹುಷಾರಾಗಿ ಮನೆಗೆ ಬಂದ ಮೇಲೆ ನಾನು. ಈಗ ಗಟ್ಟಿಮುಟ್ಟಾಗಿರೋರು ದಿನಾ ಬೆಳಿಗ್ಗೆ ಬ್ರೆಡ್ಡು ತಿಂತಾರೆ, ಶುಗರ್ರು, ಬೊಜ್ಜು ಬಂದ ಮೇಲೆ ನನ್ನನ್ನ ಔಷಧಿ ಅಂತ ಹುಡುಕ್ಕೊಂಡು ಬರ್ತಾರೆ. ವಾರ್ಡುಗಳು ಅದಲುಬದಲಾಗಿವೆ ಅಷ್ಟೆ.”

ಹಾಗಾದರೆ ಮುದ್ದೆ ತಿಂದರೆ ತೂಕ ಇಳಿಯುವುದು ಖಂಡಿತ ತಾನೆ ಎಂದು ಪ್ರತಿನಿಧಿ ಪೆನ್ನು ಎತ್ತಿದ.

“ಮೊದಲು ನನ್ನ ತೂಕ ನೋಡಿ ಸ್ವಾಮಿ!” ಎಂದಿತು ಮುದ್ದೆ. “ಆಮೇಲೆ ಬರಕೊಳ್ಳಿ.”

ಅದು ಒಪ್ಪಿಸಿದ ಲೆಕ್ಕ ಇಂತಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ ಇದೆ, ಮೂರರಲ್ಲಿ ಎರಡು ಪಾಲು ಶರ್ಕರಪಿಷ್ಟವೇ. ಬಿಳಿ ಬ್ರೆಡ್ಡಿನ ಒಂದು ಸ್ಲೈಸು 70ರಿಂದ 80 ಕ್ಯಾಲರಿ. ಅಂದರೆ ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆ ನಾಲ್ಕು ಸ್ಲೈಸಿಗೆ ಸಮ. ಮೆಸ್ಸಿನವರ ಕೈ ದೊಡ್ಡದು, ಅವರು ಕಟ್ಟುವ ಮುದ್ದೆ ನೂರು ಗ್ರಾಂ ಹಿಟ್ಟಿಗೇ ನಿಲ್ಲುತ್ತದೆಂಬ ಭರವಸೆ ಇಲ್ಲ. ಎರಡು ಮುದ್ದೆ ನುಂಗಿದವನು ಎಂಟು ಸ್ಲೈಸು ತಿಂದವನ ಸಾಲಿನಲ್ಲೇ ಕೂರಬೇಕು.

ಪ್ರತಿನಿಧಿಯ ಮುಖ ಬಾಡಿದ್ದನ್ನು ಕಂಡು ಮುದ್ದೆಗೇ ಮರುಕ ಬಂತು. “ಬೇಜಾರಾಗಬೇಡಿ. ವ್ಯತ್ಯಾಸ ಇದ್ದೇ ಇದೆ. ನನ್ನ ನೂರು ಗ್ರಾಂನಲ್ಲಿ 11 ಗ್ರಾಂ ನಾರು, ಆ ನಾಲ್ಕು ಸ್ಲೈಸಲ್ಲಿ ಮೂರು ಗ್ರಾಂ ಆಜುಬಾಜು. ಕ್ಯಾಲ್ಸಿಯಂ 364 ಮಿಲಿಗ್ರಾಂ, ಅಕ್ಕಿಯಲ್ಲಿ ಹತ್ತೂ ಇಲ್ಲ. ಹೊಟ್ಟೆ ತುಂಬಿದ ಹಾಗೆ ಬಹಳ ಹೊತ್ತು ಇರತ್ತೆ, ಹನ್ನೊಂದು ಗಂಟೆಗೆ ಬಿಸ್ಕತ್ತು ಕೇಳಲ್ಲ. ನಾನು ಮಾಡೋ ಉಪಕಾರ ಇಷ್ಟೇ. ಅದಕ್ಕಿಂತ ಹೆಚ್ಚು ಹೇಳೋರು ಏನೋ ಮಾರೋಕೆ ಬಂದಿರ್ತಾರೆ.”

ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಎಂಬ ಗಾದೆಯನ್ನು ಪ್ರತಿನಿಧಿ ನೆನಪಿಸಿದ. ಮುದ್ದೆಗೆ ಅದರ ಮೇಲೆ ಹಳೆಯ ಸಿಟ್ಟು.

“ಗಾದೆ ಸರಿಯಾಗಿದೆ, ಆದರೆ ಜನ ಅರ್ಧಾನೇ ಪಾಲಿಸ್ತಾರೆ. ಹಿಟ್ಟು ತಿನ್ನೋದು ಇವರು, ಬೆಟ್ಟ ಕೀಳೋದು ಜೆಸಿಬಿ! ಬೆಳಕು ಹರಿಯೋ ಮುಂಚೆ ಹೊಲಕ್ಕೆ ಹೋಗಿ ಹೊಗೆಸೊಪ್ಪು ಮುರಿದು, ಕಡ್ಡಿಗೆ ಪೋಣಿಸಿ, ಬ್ಯಾರನ್ನಿಗೆ ಏರಿಸಿ, ರಾತ್ರಿಯೆಲ್ಲ ಸೌದೆ ಹಾಕ್ತಾ ಕೂರೋನಿಗೆ ನಾನು ಎರಡು ಸಾಲಲ್ಲ. ಅದೇ ಲೆಕ್ಕದಲ್ಲಿ ಬೈಕಲ್ಲಿ ಬಂದು, ಫ್ಯಾನಿನ ಕೆಳಗೆ ಕೂತು ಎರಡು ನುಂಗಿದ್ರೆ? ಇನ್ನೊಂದು ವಿಷಯ. ನಿಧಾನಕ್ಕೆ ಅಗಿದು ತಿನ್ನಿ ಅಂತಾರೆ ಡಯಟ್ಟಿನವರು. ನನ್ನನ್ನ ಯಾರಾದ್ರೂ ಅಗೀತಾರಾ? ಸಾರಲ್ಲಿ ಅದ್ದು, ನುಂಗು. ಐದು ನಿಮಿಷದಲ್ಲಿ ತಟ್ಟೆ ಖಾಲಿ.”

ಹೊಗೆಸೊಪ್ಪಿನ ಮಾತು ಸುಮ್ಮನೆ ಬಂದದ್ದಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕೆಂಪು ನೆಲದಲ್ಲಿ ವರ್ಜೀನಿಯಾ ತಂಬಾಕು ಮೊದಲ ಬೆಳೆ. ಸೊಪ್ಪು ಮುರಿದಾದ ಮೇಲೆ ಅದೇ ಹೊಲದಲ್ಲಿ ಹಿಂಗಾರಿನ ಮಳೆ ನಂಬಿ ರಾಗಿ ಚೆಲ್ಲುವವರು ಬಹಳ. ಕಟ್ಟೆಮಳಲವಾಡಿ, ಕಂಪಲಾಪುರಗಳಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಗಳಿವೆ. ಕಂಪನಿಗಳ ಕೊಳ್ಳುಗರು ಬರುತ್ತಾರೆ, ದಿನದ ರೇಟು ಊರೆಲ್ಲ ಹರಡುತ್ತದೆ. ರಾಗಿಯ ರೇಟನ್ನು ಟೀ ಅಂಗಡಿಯಲ್ಲಿ ಯಾರೂ ಅಷ್ಟು ಆಸ್ಥೆಯಿಂದ ಕೇಳುವುದಿಲ್ಲ. “ಮನುಷ್ಯನ ಶ್ವಾಸಕೋಶಕ್ಕೆ ಹೋಗೋದಕ್ಕೆ ಹರಾಜು, ಹೊಟ್ಟೆಗೆ ಹೋಗೋದಕ್ಕೆ ಕ್ಯೂ” ಎಂದು ಮುದ್ದೆ ಗೊಣಗಿತು. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ, ಕೆ.ಜಿ.ಗೆ ಐವತ್ತೂ ಆಗಲಿಲ್ಲ. ಅದೇ ರಾಗಿ ಮಿರುಗುವ ಪೊಟ್ಟಣ ಹೊಕ್ಕು ಬಿಸ್ಕತ್ತಾಗಿ ಊರಿಗೆ ಮರಳಿದಾಗ ರೈತನೇ ಅದರ ಬೆಲೆ ನೋಡಿ ಹಿಂದಕ್ಕಿಡುತ್ತಾನೆ.

ಪೊಟ್ಟಣದ ಪ್ರಸ್ತಾಪ ಬಂದದ್ದೇ ಪ್ರತಿನಿಧಿ ಚೀಲದಿಂದ ಒಂದು ಮಲ್ಟಿಗ್ರೇನ್ ಬ್ರೆಡ್ ತೆಗೆದು ಮೇಜಿನ ಮೇಲಿಟ್ಟ. ಸುತ್ತಿದ ಕಾಗದದ ಮೇಲೆ ರಾಗಿಯ ತೆನೆಯ ಚಿತ್ರ.

“ಫೋಟೋ ನಂದೇ” ಎಂದಿತು ಮುದ್ದೆ. “ಒಳಗೆ ನಾನೆಷ್ಟಿದ್ದೀನಿ ಅಂತ ಹಿಂದುಗಡೆ ಓದಿ.”

ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ಕಾನೂನು. ಮೊದಲ ಹೆಸರು ಮೈದಾ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಗೋಧಿಯಲ್ಲದ ಧಾನ್ಯಗಳು ಶೇ. 20ರಷ್ಟಿದ್ದರೆ ಮಲ್ಟಿಗ್ರೇನ್ ಎನ್ನಿಸಿಕೊಳ್ಳಲು ಸಾಕು. ಆ ಇಪ್ಪತ್ತರಲ್ಲಿ ರಾಗಿ, ಓಟ್ಸು, ಜೋಳ, ಸೋಯಾ ಎಲ್ಲರೂ ಪಾಲು ಹಂಚಿಕೊಳ್ಳಬೇಕು. “ಮದುವೆ ಪತ್ರಿಕೆಯಲ್ಲಿ ಹೆಸರು, ಊಟಕ್ಕೆ ಮಾತ್ರ ಎಲೆ ಇಲ್ಲ” ಎಂದು ಮುದ್ದೆ ಷರಾ ಬರೆಯಿತು.

ಬ್ರೆಡ್ಡಿನ ಮೇಲೆ ವೈಯಕ್ತಿಕ ದ್ವೇಷವೇ? “ಛೆ ಛೆ. ಪಕ್ಕದ ಹಾಸನದೋರು ಬೇಕರಿ ಇಟ್ಟು ಊರೂರಲ್ಲಿ ಬದುಕು ಕಟ್ಟಿಕೊಂಡಿದ್ದಾರೆ, ಅವರ ಹೊಟ್ಟೆ ಮೇಲೆ ಯಾಕೆ ಹೊಡೀಲಿ? ಆದರೆ ಒಂದು ಹೇಳ್ತೀನಿ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ನಮ್ಮ ಕುಲದ ನರೆದಲೆಗನಿಗೂ ಜಗಳ ಬಂದಾಗ ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕಿದ್ರು. ನಮ್ಮೋನು ಹಾಗೇ ಹೊರಗೆ ಬಂದ. ನಿಮ್ಮ ಈ ಬ್ರೆಡ್ಡನ್ನ ಆರು ದಿನ ಇಟ್ಟು ನೋಡಿ, ಬೂಷ್ಟು ಬಂದಿರತ್ತೆ.”

ಅಪ್ಪಟ ದೇಸಿ ಆಹಾರ ಎಂದು ನಿಮ್ಮನ್ನು ಬಣ್ಣಿಸಬಹುದೇ ಎಂದು ಕೇಳಿದ್ದಕ್ಕೆ ಮುದ್ದೆ ತಡವರಿಸಲಿಲ್ಲ. ತನ್ನ ಮೂಲ ಪೂರ್ವ ಆಫ್ರಿಕಾದ ಎತ್ತರದ ನಾಡು, ಇಲ್ಲಿಗೆ ಬಂದದ್ದು ಸಾವಿರಾರು ವರ್ಷಗಳ ಹಿಂದೆ ಎಂದಿತು. ಅದು ಸಾಲದೆಂಬಂತೆ, ಮಂಡ್ಯದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೆ ಆಫ್ರಿಕಾದ ರಾಗಿಯೊಂದಿಗೆ ಮತ್ತೆ ಸಂಬಂಧ ಬೆಳೆಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಇಳುವರಿ ಏರಿತು, ಬಡವರ ಮನೆಯ ವಾಡೆ ತುಂಬಿತು. ಸೂಪರ್‌ಫುಡ್ ಎಂದು ಭಾಷಣ ಮಾಡುವವರು ಅವರ ಹೆಸರನ್ನು ಒಮ್ಮೆಯಾದರೂ ಹೇಳಬಾರದೇ ಎಂಬುದು ಮುದ್ದೆಯ ದೂರು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗ ಊರ ತುಂಬ ಬ್ಯಾನರುಗಳು ಎದ್ದಿದ್ದವಂತೆ. “ಸಮಾರಂಭ ಮುಗಿದ ಮೇಲೆ ಎಲ್ಲರಿಗೂ ಕೊಟ್ಟಿದ್ದು ಮೈದಾ ಸಮೋಸ” ಎಂದು ಅದು ಹೇಳಿದ್ದನ್ನು ಖಚಿತಪಡಿಸಿಕೊಳ್ಳಲು ಪತ್ರಿಕೆಗೆ ಸಾಧ್ಯವಾಗಿಲ್ಲ, ಅನುಮಾನಿಸಲೂ ಮನಸ್ಸಾಗಿಲ್ಲ.

ಬ್ರೆಡ್ಡಿನ ಜಾಗಕ್ಕೆ ಬರಬಹುದಾದ ಬೇರೆ ಅಭ್ಯರ್ಥಿಗಳ ಬಗ್ಗೆ ಕೇಳಿದಾಗ ಅದು ಧಾರಾಳಿಯೇ. ಕೆ.ಆರ್. ನಗರದಲ್ಲಿ ಕಾವೇರಿ ನಾಲೆ, ಭತ್ತದ ಗದ್ದೆ, ಹಾಗಾಗಿ ಅಕ್ಕಿ ರೊಟ್ಟಿ. “ಒಳ್ಳೆ ಹುಡುಗಿ, ಎಣ್ಣೆ ಸಹವಾಸ ಮಾತ್ರ ಜಾಸ್ತಿ.” ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರು ಹಬೆಯಲ್ಲಿ ಬೇಯಿಸುವ ಟಿಂಗ್‌ಮೊ ಕೂಡ ಮೈದಾದ ಬ್ರೆಡ್ಡೇ, ಆದರೆ ಹುರಿದ ಬಾರ್ಲಿ ಹಿಟ್ಟನ್ನು ಬೆಣ್ಣೆ ಚಹಾದಲ್ಲಿ ಕೈಯಲ್ಲೇ ಕಲಸಿ ಉಂಡೆ ಕಟ್ಟುವ ತ್ಸಂಪಾ ತನ್ನ ದೂರದ ದಾಯಾದಿ ಎಂದು ಮುದ್ದೆ ಹೆಮ್ಮೆಪಟ್ಟಿತು. ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳ ಹಿರಿಯರು ತಿಂದು ಬೆಳೆದ ಕಾಡುಗೆಣಸಿನ ಮುಂದೆ ತಾನೂ ನಿನ್ನೆ ಮೊನ್ನೆಯ ಕೂಸು ಎಂದು ಒಪ್ಪಿಕೊಂಡಿತು.

ಕೊನೆಗೊಂದು ಖಚಿತ ಸಲಹೆ ಬೇಕೆಂದು ಪ್ರತಿನಿಧಿ ಪಟ್ಟು ಹಿಡಿದ.

“ಬರಕೊಳ್ಳಿ. ಅರ್ಧ ಮುದ್ದೆ. ಬಸ್ಸಾರೋ ಮಸ್ಸೊಪ್ಪೋ ಎರಡು ಬಟ್ಟಲು. ಹುರುಳಿಕಾಳೋ ಅವರೆಕಾಳೋ ಒಂದು ಹಿಡಿ, ಯಾಕಂದ್ರೆ ನನ್ನ ನೂರು ಗ್ರಾಂನಲ್ಲಿ ಪ್ರೋಟೀನು ಏಳೇ ಗ್ರಾಂ. ಮುದ್ದೆ ಮೇಲೆ ಅನ್ನ ಬೇಡ. ಎಲ್ಲರೂ ಎಡವೋದು ಅಲ್ಲೇ.”

ಅಷ್ಟರಲ್ಲಿ ಬಡಿಸುವ ಹುಡುಗ ಬಂದು ಗುಡ್ಡದಷ್ಟು ಅನ್ನ ಸುರಿದು, ಪಕ್ಕದಲ್ಲಿ ಮಜ್ಜಿಗೆ ಲೋಟ ಕುಕ್ಕಿದ. ಅನ್ನ ಬೇಡವಾಗಿತ್ತು, ಬಿಟ್ಟರೆ ಎಷ್ಟು ಕಡಿಮೆಯಾಗುತ್ತೆ ಎಂದು ಪ್ರತಿನಿಧಿ ವಿಚಾರಿಸಿದ. ಗಲ್ಲಾದಲ್ಲಿ ಕೂತಿದ್ದ ಯಜಮಾನರು ತಲೆ ಎತ್ತದೆ ಹೇಳಿದರು: “ಮುದ್ದೆ ಊಟ ಅಂದ್ರೆ ಅನ್ನ ಸೇರಿನೇ ರೇಟು ಅಣ್ಣ. ತಿಂದ್ರೂ ಅಷ್ಟೇ, ಬಿಟ್ರೂ ಅಷ್ಟೇ.”

ಪ್ರತಿನಿಧಿ ಮಜ್ಜಿಗೆ ಸುರಿದುಕೊಂಡ.