ಒಂಬತ್ತೋ ಹತ್ತೋ?

ನಮ್ಮ ಸಾಲೋಟಗಿಯಲ್ಲಿ ತಂತಿಯ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯ ಸಿಗುವುದು ಕಷ್ಟ. ದ್ರಾಕ್ಷಿ ಬೆಳೆಯುವವರಿಗೆ ಚಪ್ಪರದ ತಂತಿ ಗೊತ್ತು, ಬೇಲಿ ಹಾಕಿದವರಿಗೆ ಮುಳ್ಳುತಂತಿ ಗೊತ್ತು, ಭಜನೆಯವರಿಗೆ ಏಕತಾರಿ ಗೊತ್ತು. ಹೀಗಾಗಿ ರಸಮಂಜರಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಬಾರಿಸುವ ನಾನು ಹೊಸ ಸೆಟ್ ತರಿಸುವ ಮಾತನ್ನು ಕಟ್ಟೆಯ ಮೇಲೆ ಎತ್ತಿದರೆ ಸಾಕು, ಸಲಹೆ ಪುಕ್ಕಟೆ. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಕಾಲಕ್ಕೆ, ಇಲ್ಲೊಂದು ವಿದ್ಯಾಶಾಲೆಯಿತ್ತು, ಹೊರನಾಡಿನಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆ ಬಿಟ್ಟುಕೊಟ್ಟಿದ್ದರು ಎನ್ನುತ್ತದೆ ಶಾಸನ. ವಿದ್ಯಾರ್ಥಿಗಳು ಹೋದರು; ವಾದ ಊರಲ್ಲೇ ಉಳಿಯಿತು.

"ಯಾವ ಗೇಜ್ ತರಸ್ತೀಯೋ ತಮ್ಮಾ?" ಎಂದರು ಕಾಕಾ.

"ಒಂಬತ್ತರಿ ಕಾಕಾ. ಇಲ್ಲಾಂದ್ರ ಹತ್ತು."

"ಹತ್ತು? ಹತ್ತನೇ ಗೇಜಿನ ಮ್ಯಾಲ ನಾ ಇಡೀ ದ್ರಾಕ್ಷಿ ಪಡ ಹಬ್ಬಿಸೀನಿ. ಅದನ್ನ ನೀ ಬೆರಳ್ಲೆ ಬಾರಸ್ತೀ?"

ಕಾಕಾ ಹೇಳಿದ್ದು ಸುಳ್ಳಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ನಂಬರ್ ಏರಿದಷ್ಟೂ ತಂತಿ ಸಣ್ಣದಾಗುತ್ತದೆ. ಗಿಟಾರಿನಲ್ಲಿ ಏರಿದಷ್ಟೂ ದಪ್ಪ. ಗಿಟಾರಿನವರು ಒಂಬತ್ತು ಎಂದರೆ ಒಂದನೇ ತಂತಿ ಇಂಚಿನ ಸಾವಿರ ಪಾಲಿನಲ್ಲಿ ಒಂಬತ್ತು ಪಾಲು ದಪ್ಪ ಎಂದರ್ಥ. ಅಂಗಡಿಯ ಒಂಬತ್ತು ಅದರ 16 ಪಟ್ಟು. ಈ ಜಗಳ ಬಗೆಹರಿಸಿದವರು ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಮಾಡುವ ಮಾಮಾ. ತಂತಿಯನ್ನು ಮೈಕ್ರೋಮೀಟರಿಗೆ ಸಿಕ್ಕಿಸಿ, "ನಿನ್ನ ಹತ್ತು ಅಂದ್ರ ನಮ್ಮ ಮೂವತ್ಮೂರು" ಎಂದು ತೀರ್ಪು ಕೊಟ್ಟರು. ಗಿಟಾರಿನ ಪಿಕಪ್ಪಿನಲ್ಲಿ ಅಯಸ್ಕಾಂತಕ್ಕೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ, ಅದರ ಮುಂದೆ ಉಕ್ಕು ಅದುರಿದರೆ ಕರೆಂಟ್ ಹುಟ್ಟುತ್ತದೆ, ಅದಕ್ಕೇ ಸಾದಾ ಗಿಟಾರಿನ ಕಂಚಿನ ಸುತ್ತಿನ ತಂತಿ ಇದಕ್ಕೆ ಸಪ್ಪೆ ಎಂದೆ. ಊರಲ್ಲಿ ಮೊದಲ ಸಲ ಒಬ್ಬರು ನನ್ನ ವಾದ್ಯವನ್ನು ಗೌರವದಿಂದ ನೋಡಿದರು. "ಸುಟ್ರ ತಗೊಂಬಾ, ಸುತ್ತಿಕೊಡ್ತೀನಿ."

ಇನ್ನು ಆಯ್ಕೆ. ಒಂಬತ್ತರಿಂದ ನಲವತ್ತೆರಡರ ಸೆಟ್ ಹಾಕಿ ಶ್ರುತಿ ಮಾಡಿದರೆ ಆರೂ ತಂತಿಯ ಎಳೆತ ಸೇರಿ ಸುಮಾರು 38 ಕಿಲೋ. ಹತ್ತರಿಂದ ನಲವತ್ತಾರರದ್ದಾದರೆ 46ರ ಆಸುಪಾಸು. ಅಂದರೆ ಆ ಬಡಪಾಯಿ ಕಟ್ಟಿಗೆಯ ಕುತ್ತಿಗೆಗೆ ಒಂದು ಯೂರಿಯಾ ಚೀಲ ಜೋತುಬಿದ್ದ ಹಾಗೆ. ಟೆಕ್ಸಾಸಿನ ಸ್ಟೀವಿ ರೇ ವಾನ್ ಹದಿಮೂರರ ತಂತಿ ಹಾಕಿಕೊಂಡು ಅರ್ಧ ಸ್ವರ ಕೆಳಗಿಳಿಸಿ ಬಾರಿಸುತ್ತಿದ್ದ. ಅವನ ಬೆರಳಿಗೆ ದೂರದಿಂದಲೇ ಶರಣು. ಮೀಂಡ್ ಎಳೆಯಬೇಕು, ಶಹನಾಯಿ ಬಿಟ್ ನುಡಿಸಬೇಕು, ಮರುದಿನ ತೊಗರಿ ರಾಶಿಗೂ ಹೋಗಬೇಕು ಎನ್ನುವವರಿಗೆ ಒಂಬತ್ತೇ ಮೇಲು. ಆದರೆ ಬಲಗೈ ಒರಟಾದವರು ಒಂಬತ್ತು ಹಾಕಿದರೆ ಪ್ರತಿ ಹೊಡೆತಕ್ಕೂ ಸ್ವರ ಮೇಲಕ್ಕೆ ಜಿಗಿಯುತ್ತದೆ.

ಬ್ರ್ಯಾಂಡ್ ವಿಚಾರಕ್ಕೆ ಬಂದರೆ, ಒಂದು ಕಾಲಕ್ಕೆ ಸಣ್ಣ ತಂತಿಯ ಸೆಟ್ಟೇ ಸಿಗದೆ ಅಮೆರಿಕದವರು ಬ್ಯಾಂಜೋ ತಂತಿ ತಂದು ಒಂದನೆಯದಕ್ಕೆ ಕಟ್ಟುತ್ತಿದ್ದರಂತೆ. 1962ರಲ್ಲಿ ಕ್ಯಾಲಿಫೋರ್ನಿಯಾದ ಅಂಗಡಿಕಾರ ಎರ್ನಿ ಬಾಲ್ ಸಣ್ಣ ತಂತಿಯ ಸೆಟ್ಟನ್ನೇ ಮಾರಾಟಕ್ಕಿಟ್ಟ. ಅವನ ಒಂಬತ್ತರ ಗುಲಾಬಿ ಪ್ಯಾಕೆಟ್ ಈಗಲೂ ಎಲ್ಲೆಡೆ ಕಾಣುತ್ತದೆ. ಡಿ'ಅಡಾರಿಯೋದವರು ಯಾವುದು ಎಷ್ಟನೇ ತಂತಿ ಎಂದು ಗೊತ್ತಾಗಲು ತುದಿಯ ಗುಂಡಿಗೆ ಬಣ್ಣ ಬಳಿದಿರುತ್ತಾರೆ. ಕರೆಂಟ್ ಹೋದಾಗ ಅದೂ ಉಪಯೋಗವಿಲ್ಲ. ನನ್ನ ಮತ ಕೇಳಿದರೆ, ಗೇಜ್ ಒಂದೇ ಆಗಿದ್ದು ತುಕ್ಕು ಹಿಡಿಯದಿದ್ದರೆ ಎರಡೂ ಒಂದೇ. ತೊಟ್ಟಿಲು ಜೋಕಾಲಿಯ ಜನರೇಟರ್ ಪಕ್ಕದಲ್ಲಿ ಗುಡುಗುವಾಗ ಬ್ರ್ಯಾಂಡ್ ಗುರುತಿಸುವ ಕಿವಿ ಜಾತ್ರೆಯಲ್ಲಿ ಯಾರಿಗಿದೆ?

ಇಷ್ಟೆಲ್ಲ ಇದ್ದರೂ ನಾನು ಹತ್ತನ್ನೇ ತರಿಸುವುದು. ಕಾರಣ ನಮ್ಮ ಗಾಯಕರು. ಮಿರ್ಚಿ ಭಜಿ ತಿಂದು ವೇದಿಕೆ ಹತ್ತುತ್ತಾರೆ, ಐದನೇ ಹಾಡಿಗೆ ಗಂಟಲು ಕಟ್ಟುತ್ತದೆ, "ಅರ್ಧ ಇಳಸೋ" ಎಂದು ಮೈಕಿನಲ್ಲೇ ಹೇಳುತ್ತಾರೆ. ಅರ್ಧ ಸ್ವರ ಇಳಿಸಿದರೆ ಎಳೆತ ನೂರಕ್ಕೆ ಹನ್ನೊಂದರಷ್ಟು ತಗ್ಗುತ್ತದೆ. ಒಂಬತ್ತರ ತಂತಿ ಜೋಲುಬಿದ್ದು ಬರಬರ ಅನ್ನುತ್ತದೆ, ಹತ್ತು ಮಾತ್ರ ತಡೆದುಕೊಳ್ಳುತ್ತದೆ. ಆದ್ದರಿಂದ ತಂತಿಯ ಬಿಲ್ಲಿನಲ್ಲಿ ಅರ್ಧ ಅವರೇ ಕೊಡಬೇಕೆಂಬುದು ನನ್ನ ವಾದ. ಅವರು ಭಜಿಯ ಬಿಲ್ಲು ಮುಂದಿಡುತ್ತಾರೆ.