ಸಕ್ಕರೆ ಬೇಡ, ಮಿಕ್ಕಿದ್ದೆಲ್ಲ ಬರಲಿ

ಲಾಲ್‌ಬಾಗಿನಲ್ಲಿ ಎರಡು ಸುತ್ತು ಹಾಕಿ ಬೆವರು ಒರೆಸಿಕೊಂಡು ನಮ್ಮ ತಂಡ ದರ್ಶಿನಿ ಹೊಗುವುದನ್ನು ನೀವು ನೋಡಬೇಕು. ಐವರಲ್ಲಿ ನಾಲ್ವರಿಗೆ ಶುಗರ್, ನನ್ನನ್ನೂ ಸೇರಿಸಿ. 'ನಂದು ಶುಗರ್‌ಲೆಸ್ ಕಾಫಿ, ಮರೀಬೇಡಿ!' ಎಂದು ಕೌಂಟರಿನಲ್ಲಿ ಕೂಗುವಾಗ ಸಂನ್ಯಾಸ ಸ್ವೀಕರಿಸಿದವರ ಗತ್ತು. ಆಮೇಲೆ ದನಿ ಇಳಿಯುತ್ತದೆ: 'ಒಂದು ಚೌಚೌ ಬಾತು, ಒಂದು ಮಸಾಲೆ.' ಕಾಫಿಯಲ್ಲಿ ಉಳಿತಾಯವಾದ ಒಂದು ಚಮಚ ಸಕ್ಕರೆ ಕೇಸರಿಬಾತಿನಲ್ಲಿ ಚಕ್ರಬಡ್ಡಿ ಸಮೇತ ವಾಪಸು. ಮಸಾಲೆ ದೋಸೆಯಂತೂ ಲೆಕ್ಕಕ್ಕೇ ಇಲ್ಲ. ಅದು ಖಾರ ತಾನೇ? ಅಕ್ಕಿಯೂ ಆಲೂಗಡ್ಡೆಯೂ ಹೊಟ್ಟೆಗಿಳಿದ ಮೇಲೆ ಗ್ಲೂಕೋಸೇ ಆಗುತ್ತವೆ ಎಂಬ ಸುದ್ದಿಯನ್ನು ನಾಲಿಗೆಗೆ ಯಾರೂ ಮುಟ್ಟಿಸಿಲ್ಲ.

ಇನ್ಸುಲಿನ್ ಅಂದರೆ ಎಪಿಎಂಸಿ ಯಾರ್ಡಿನ ಹಮಾಲಿ ಅಂದುಕೊಳ್ಳಿ. ರಕ್ತದಲ್ಲಿ ಬಂದಿಳಿದ ಗ್ಲೂಕೋಸ್ ಮೂಟೆಗಳನ್ನು ಸ್ನಾಯು, ಯಕೃತ್ತು, ಕೊಬ್ಬಿನ ಗೋದಾಮುಗಳಿಗೆ ಸಾಗಿಸುವುದು ಅವನ ಕೆಲಸ. ಟೈಪ್ ಟೂ ಕಾಯಿಲೆಯಲ್ಲಿ ಶುರುವಿಗೆ ಹಮಾಲಿಗಳಿಗೇನೂ ಬರವಿಲ್ಲ, ಮಾಮೂಲಿಗಿಂತ ಜಾಸ್ತಿಯೇ ಇರುತ್ತಾರೆ. ಗೋದಾಮಿನವನು ಬಾಗಿಲು ತೆಗೆಯುವುದಿಲ್ಲ. ಒಬ್ಬ ತಟ್ಟಿದರೆ ತೆಗೆಯದ ಬಾಗಿಲಿಗೆ ಹತ್ತು ಜನ ಹೋಗಬೇಕು. ಇತ್ತ ನಾವು ಏಳಕ್ಕೆ ದೋಸೆ, ಹತ್ತೂವರೆಗೆ ಟೀ ಜೊತೆ ಮಾರಿ ಬಿಸ್ಕತ್ತು (ಇದಕ್ಕೆ ಶುಗರ್ ಪೇಷಂಟುಗಳ ಬಿಸ್ಕತ್ತೆಂಬ ಪದವಿ ಕೊಟ್ಟ ಪುಣ್ಯಾತ್ಮ ಯಾರೋ), ಒಂದಕ್ಕೆ ಅನ್ನ, ನಾಲ್ಕಕ್ಕೆ ಬೋಂಡಾ, ರಾತ್ರಿ ಹತ್ತಕ್ಕೆ ಮತ್ತೆ ಅನ್ನ ಎಂದು ಲಾರಿ ಮೇಲೆ ಲಾರಿ ಕಳಿಸುತ್ತಲೇ ಇರುತ್ತೇವೆ. ಮೇದೋಜೀರಕ ಗ್ರಂಥಿ ವರ್ಷಗಟ್ಟಲೆ ಓವರ್‌ಟೈಮ್ ಮಾಡಿ ಮಾಡಿ ಕೊನೆಗೆ ಸೋಲುತ್ತದೆ.

'ನಾನು ಅನ್ನ ಬಿಟ್ಟು ಮುದ್ದೆಗೆ ಬಂದೆ' ಎನ್ನುತ್ತಾರೆ ಪಕ್ಕದ ಮನೆಯವರು. ಬಂದರು ಸರಿ, ಅವರ ಮುದ್ದೆಗೆ ಕ್ರಿಕೆಟ್ ಚೆಂಡೂ ನಾಚಬೇಕು. ರಾಗಿಗೆ ನಾರಿದೆ, ಕ್ಯಾಲ್ಸಿಯಂ ಇದೆ, ಒಪ್ಪಿದೆ. ಆದರೆ ನೂರು ಗ್ರಾಮಿನಲ್ಲಿ 70 ಗ್ರಾಮಿನ ಆಸುಪಾಸು ಅದೂ ಶರ್ಕರಪಿಷ್ಟವೇ, ಹಿಟ್ಟು ನುಣ್ಣಗಾದಷ್ಟೂ ಬೇಗ ಕರಗುತ್ತದೆ. ಬೆಲ್ಲದ ವಕೀಲರ ಜೊತೆ ನಾನು ವಾದಕ್ಕಿಳಿಯುವುದನ್ನೇ ಬಿಟ್ಟಿದ್ದೇನೆ.

ಟೆಸ್ಟಿಗೆ ಎರಡು ದಿನ ಮುಂಚೆ ಎಲ್ಲರೂ ಏಕಾದಶಿ ಮಾಡುತ್ತೇವೆ. ಖಾಲಿಹೊಟ್ಟೆಯ ಲೆಕ್ಕ ಚೊಕ್ಕಟವಾಗಿ ಬರುತ್ತದೆ. ಹಾಳಾದ ಎಚ್‌ಬಿಎ1ಸಿ ಮಾತ್ರ ಶ್ಯಾನುಭೋಗರ ಕಡತ, ಹಿಂದಿನ ಎರಡು ಮೂರು ತಿಂಗಳದ್ದೆಲ್ಲ ಅದರಲ್ಲಿರುತ್ತದೆ. ವರದಿ ನೋಡಿದ ಡಾಕ್ಟರು ಏನೂ ಹೇಳದೆ ಕನ್ನಡಕ ತೆಗೆದು ಒರೆಸತೊಡಗಿದರೆ ನನಗೆ ಎದೆ ಧಸಕ್ಕೆನ್ನುತ್ತದೆ.

2015ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು ಹನ್ನೊಂದೇ ಹನ್ನೊಂದು ಟೈಪ್ ಟೂ ರೋಗಿಗಳನ್ನು ಕೂರಿಸಿ ಒಂದೇ ಊಟವನ್ನು ಎರಡು ಬಗೆಯಲ್ಲಿ ಉಣಿಸಿದರು. ಒಂದು ದಿನ ಬ್ರೆಡ್ಡು, ಕಿತ್ತಳೆ ರಸ ಮೊದಲು, ಇನ್ನೊಂದು ದಿನ ತರಕಾರಿ, ಕೋಳಿ ಮೊದಲು. ತರಕಾರಿ ಮೊದಲಾದ ದಿನ ಊಟದ ನಂತರದ ಸಕ್ಕರೆಯೂ ಕಮ್ಮಿ, ಇನ್ಸುಲಿನ್ನೂ ಕಮ್ಮಿ. ಓದಿ ನಗು ಬಂತು. ನಮ್ಮ ಬಾಳೆ ಎಲೆಗೆ ಅನ್ನಕ್ಕಿಂತ ಮುಂಚೆ ಬಂದು ಬೀಳುವುದು ಕೋಸಂಬರಿ, ಪಲ್ಯಗಳೇ. ನಾವು ಅವನ್ನು ಎಲೆಯ ಅಲಂಕಾರವೆಂದು ತಿಳಿದು, ಅನ್ನದ ಬಕೀಟು ಎಲ್ಲಿಗೆ ಬಂತೆಂದು ಕತ್ತು ಉದ್ದ ಮಾಡಿ ಕೂರುತ್ತೇವೆ.

ಕಳೆದ ತಿಂಗಳು ಒಂದು ಮದುವೆಯಲ್ಲಿ ನಾನೂ ಪ್ರಯೋಗಕ್ಕಿಳಿದೆ. ಕೋಸಂಬರಿ ಮುಗಿಸಿ ಇನ್ನೊಂದು ಸಲ ಕೇಳಿದೆ. ಬಡಿಸುವ ಹುಡುಗ ನನ್ನನ್ನೇ ಒಂದು ಗಳಿಗೆ ದಿಟ್ಟಿಸಿದ. 'ಅದು ಒಂದೇ ಸಲ ಸಾರ್, ಆಗೋಯ್ತು. ಒಬ್ಬಟ್ಟು ಹಾಕ್ಲಾ?' ಅಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಎರಡು ಬಿದ್ದಿದ್ದವು.

'ಮೇಲೆ ತುಪ್ಪ ಮಾತ್ರ ಬೇಡ!' ಅಂದೆ. ಪಂಕ್ತಿಯ ಕೊನೆಯವರೆಗೂ ಕೇಳಿಸಿರಬೇಕು.