ಲ್ಯಾಪ್‌ಟಾಪ್ ನಿರ್ಮಾತೃ ಮಹಾಶಯರಿಗೆ ಒಂದು ಕೃತಜ್ಞತಾಪತ್ರ

ಮಾನ್ಯ ಮಹಾಶಯರೇ,

ತಾವು ‘ವರ್ಕ್‌ಸ್ಟೇಷನ್’ ಎಂಬ ಗಂಭೀರ ನಾಮಧೇಯದಿಂದ ವಿಕ್ರಯಿಸುವ ಲ್ಯಾಪ್‌ಟಾಪುಗಳನ್ನು ಕೊಂಡು, ಕಟ್ಟಡಗಳ ನಕ್ಷೆ, ಯಂತ್ರಭಾಗಗಳ ವಿನ್ಯಾಸ, ಚಲಚ್ಚಿತ್ರಗಳ ಸಂಕಲನ ಮೊದಲಾದ ವೃತ್ತಿಗಳಿಂದ ಜೀವನ ಸಾಗಿಸುತ್ತಿರುವ ನಮ್ಮಂಥವರು ತಮ್ಮ ಲೋಕೋಪಕಾರವನ್ನು ಬಹಿರಂಗವಾಗಿ ಕೊಂಡಾಡದಿದ್ದರೆ ಕೃತಘ್ನತೆಯಾದೀತೆಂಬ ಭಯದಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

2004ರಲ್ಲಿ ಎನ್ವಿಡಿಯಾ ಸಂಸ್ಥೆಯವರು ಎಂಎಕ್ಸ್‌ಎಂ ಎಂಬ ಪದ್ಧತಿಯನ್ನು ಲೋಕದ ಮುಂದಿಟ್ಟು, ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡನ್ನು ಮದರ್‌ಬೋರ್ಡಿನಿಂದ ಬೇರ್ಪಡಿಸಿ ಪ್ರತ್ಯೇಕ ಫಲಕದ ಮೇಲೆ ನೆಲೆಗೊಳಿಸಿದಾಗ, ಗ್ರಾಹಕನ ಮನಸ್ಸಿನಲ್ಲಿ ದುರಾಸೆಯ ಬೀಜವು ಬಿತ್ತಲ್ಪಟ್ಟಿತು. 2013ರ ಡೆಲ್ ಪ್ರಿಸಿಷನ್ ಎಂ6800, ಎಚ್‌ಪಿ ಝೆಡ್‌ಬುಕ್ 17 ಇವೇ ಮೊದಲಾದ ಯಂತ್ರಗಳಲ್ಲಿ, ಕೆಲವು ಸ್ಕ್ರೂಗಳನ್ನು ಬಿಚ್ಚಿ, ದುರ್ಬಲವಾದ ಕಾರ್ಡನ್ನು ತೆಗೆದು ಪ್ರಬಲವಾದುದನ್ನು ಕೂಡಿಸಬಹುದೆಂಬ ಸ್ವಾತಂತ್ರ್ಯವು ಅವನಿಗೆ ಲಭಿಸಿತ್ತು.

ಆದರೆ ಸ್ವಾತಂತ್ರ್ಯವು ಸ್ವೇಚ್ಛೆಯಾಗದಂತೆ ಕಾಯುವವರು ಇದ್ದೇ ಇದ್ದರು. ಕಾರ್ಡು ಸ್ಲಾಟಿನಲ್ಲಿ ನಿರಾಯಾಸವಾಗಿ ಕುಳಿತರೂ, ಹೀಟ್‌ಸಿಂಕಿನ ರಂಧ್ರಗಳು ಹೊಂದದಿರಬಹುದು. ಅವು ಹೊಂದಿದರೆ, ಬಯಾಸು ನೂತನ ಅತಿಥಿಯನ್ನು ಗುರುತಿಸದೆ ಪರದೆಯನ್ನು ಕತ್ತಲಲ್ಲಿಯೇ ಇರಿಸಬಹುದು. ಅದೂ ದಯೆ ತೋರಿದರೆ, ಆ ಕಾರ್ಡಿನ ಗುರುತುಸಂಖ್ಯೆ ತನ್ನ ಪಟ್ಟಿಯಲ್ಲಿಲ್ಲವೆಂದು ಡ್ರೈವರು ಅನುಸ್ಥಾಪನೆಗೆ ಒಲ್ಲೆನೆನ್ನಬಹುದು. ಇಷ್ಟೊಂದು ದ್ವಾರಪಾಲಕರು ವೈಕುಂಠಕ್ಕೂ ಇಲ್ಲ.

ಈಗಂತೂ ತಮ್ಮಲ್ಲಿ ಅನೇಕರು ಚಿಪ್ಪನ್ನೂ ಅದರ ಮೆಮೊರಿಯನ್ನೂ ಮದರ್‌ಬೋರ್ಡಿಗೇ ಬೆಸೆದು, ಕಾರ್ಡು ಬೇರೆ ಬೋರ್ಡು ಬೇರೆ ಎಂಬ ದ್ವೈತಭ್ರಾಂತಿಯನ್ನು ನಿರ್ಮೂಲಗೊಳಿಸಿದ್ದೀರಿ. ಪ್ರೊಸೆಸರು ಗಟ್ಟಿಯಾಗಿದ್ದು, ಪರದೆ ನಿರ್ಮಲವಾಗಿದ್ದು, ರ್‍ಯಾಮನ್ನೂ ಎಸ್‌ಎಸ್‌ಡಿಯನ್ನೂ ಸ್ವಹಸ್ತದಿಂದಲೇ ಹೆಚ್ಚಿಸಿಕೊಂಡಿದ್ದರೂ, ಗ್ರಾಫಿಕ್ಸ್ ಮೆಮೊರಿಯೊಂದು ಸಾಲದೆ ಹೋಯಿತೆಂದರೆ ಸಮಸ್ತ ಯಂತ್ರವನ್ನೇ ತ್ಯಜಿಸಬೇಕೆಂಬ ಈ ವೈರಾಗ್ಯಬೋಧೆಯನ್ನು ಲಕ್ಷಾಂತರ ರೂಪಾಯಿಗಳ ದಕ್ಷಿಣೆಗೆ ಅನುಗ್ರಹಿಸುವ ಗುರುಗಳು ಮತ್ತಾರಿದ್ದಾರೆ? ಮೊರೆಯಿಟ್ಟರೆ, ಥಂಡರ್‌ಬೋಲ್ಟ್ ಮೂಲಕ ಹೊರಗಿನ ಕಾರ್ಡನ್ನು ಜೋಡಿಸಿಕೊಳ್ಳೆಂದು ಸಮಾಧಾನ ಹೇಳುವುದುಂಟು. ಡೆಸ್ಕ್‌ಟಾಪಿನಲ್ಲಿ ದತ್ತಾಂಶದ 16 ಪಥಗಳಲ್ಲಿ ಸಂಚರಿಸಬಲ್ಲ ಕಾರ್ಡು ಆಗ 4 ಪಥಗಳಲ್ಲಿ ನುಸುಳಬೇಕು, ಸುಲಭವಾಗಿ ಒಯ್ಯಲೆಂದು ಕೊಂಡ ಯಂತ್ರದೊಡನೆ ಅದಕ್ಕಿಂತ ದಪ್ಪನಾದ ಪೆಟ್ಟಿಗೆಯೊಂದನ್ನೂ ನಾವು ಹೊರಬೇಕು.

ಯಂತ್ರವು ತೆಳ್ಳಗಿರಬೇಕು, ಹೊಸ ಚಿಪ್ಪುಗಳ ಶಾಖವು ಹಳೆಯ ಕವಚಕ್ಕೆ ಒಗ್ಗದು ಎಂಬ ತಮ್ಮ ಸಮರ್ಥನೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಫ್ರೇಮ್‌ವರ್ಕ್ ಎಂಬ ಸಂಸ್ಥೆಯು ತನ್ನ 16 ಅಂಗುಲದ ಲ್ಯಾಪ್‌ಟಾಪಿಗೆ ಮೊದಲು ರೇಡಿಯಾನ್ ಆರ್‌ಎಕ್ಸ್ 7700ಎಸ್ ಗ್ರಾಫಿಕ್ಸನ್ನು ಬಿಡಿ ಅಂಗವಾಗಿ ಒದಗಿಸಿ, 2025ರಲ್ಲಿ ಅದೇ ಕವಚಕ್ಕೆ ಹೊಂದುವ ಆರ್‌ಟಿಎಕ್ಸ್ 5070 ಅಂಗವನ್ನೂ ಪ್ರಕಟಿಸಿತು. ಅಸಾಧ್ಯವೆಂದು ತಾವು ಬೋಧಿಸುತ್ತಿದ್ದುದು ಕೇವಲ ತಮಗೆ ಇಷ್ಟವಿಲ್ಲದ್ದೆಂಬ ರಹಸ್ಯವು ಇದರಿಂದ ಬಯಲಾಯಿತಲ್ಲ!

ಆದುದರಿಂದ ವಿಜ್ಞಾಪನೆಯಿಷ್ಟೆ: ಬದಲಿಸಬಹುದಾದ ಕಾರ್ಡನ್ನು ಕೊಡಿರಿ, ಅದರ ಅಳತೆ, ಶಾಖ, ವಿದ್ಯುತ್ತುಗಳ ಮಿತಿಯನ್ನು ಪ್ರಕಟಿಸಿರಿ, ಅದಾಗದಿದ್ದರೆ, ‘ಇದರ ಗ್ರಾಫಿಕ್ಸನ್ನು ಎಂದಿಗೂ ಹೆಚ್ಚಿಸಲಾಗದು’ ಎಂಬ ಒಂದು ಸಾಲನ್ನು, ಬೆಲೆಯನ್ನು ಮುದ್ರಿಸಿದಷ್ಟೇ ದೊಡ್ಡ ಅಕ್ಷರಗಳಲ್ಲಿ, ಪೆಟ್ಟಿಗೆಯ ಮೇಲೆ ಮುದ್ರಿಸಿರಿ.

ಇಂತು ತಮ್ಮ ವಿಧೇಯ,
ಓರ್ವ ಗ್ರಾಹಕ